ಮ್ಯಾಕ್‌ಬೆತ್ ದೊರೆಯ ನಿದ್ರೆ ಕೆಡಿಸಿದವರು ಯಾರು?



ಸ್ಕಾಟ್ಲೆಂಡನ್ನು 1040ರಿಂದ 1057ರವರೆಗೆ, 17 ವರ್ಷಗಳ ಕಾಲ, ಮ್ಯಾಕ್‌ಬೆತ್ ಎಂಬ ದೊರೆ ಆಳಿದ. ಆ ಕಾಲದ ಆ ದೇಶದ ಮಟ್ಟಿಗೆ ಇದು ದೀರ್ಘವಾದ ಆಳ್ವಿಕೆಯೇ. 1050ರಲ್ಲಿ ಆತ ರೋಮ್ ನಗರಕ್ಕೆ ಯಾತ್ರೆ ಹೋಗಿ ಬಂದ. ಅಲ್ಲಿನ ಬಡವರಿಗೆ ಬೀಜ ಎರಚಿದಂತೆ ಹಣ ಎರಚಿದನೆಂದು ಆತನ ಕಾಲದವನೇ ಆದ ಮರಿಯಾನಸ್ ಎಂಬ ಐರಿಷ್ ಸಂನ್ಯಾಸಿ ಬರೆದಿಟ್ಟಿದ್ದಾನೆ. ಇಲ್ಲಿ ಒಂದು ವಿಷಯ ಗಮನಿಸಿ. ಬೆನ್ನು ತಿರುಗಿಸಿದರೆ ಸಿಂಹಾಸನ ಹೋದೀತೆಂಬ ಭಯವಿರುವ ದೊರೆ ಅಷ್ಟು ದೂರದ ಪ್ರಯಾಣ ಕೈಗೊಳ್ಳಲಾರ. ರಾಜ್ಯ ತನ್ನ ಹಿಡಿತದಲ್ಲಿದೆ ಎಂಬ ಧೈರ್ಯ ಆತನಿಗಿದ್ದಿರಬೇಕು.

ನಿಮ್ಮ ಇಂಗ್ಲಿಷ್ ತರಗತಿಗಳಲ್ಲಿ ಎದುರಾಗುವ ಮ್ಯಾಕ್‌ಬೆತ್ ಬೇರೆ. ಮನೆಗೆ ಅತಿಥಿಯಾಗಿ ಬಂದ ಮುದಿ ದೊರೆ ಡಂಕನ್‌ನನ್ನು ಆತ ಮಲಗಿದ್ದಲ್ಲೇ ಇರಿದು ಕೊಲ್ಲುತ್ತಾನೆ. ಅಂದಿನಿಂದ ಆತನಿಗೆ ನಿದ್ರೆಯಿಲ್ಲ. ಗೆಳೆಯ ಬ್ಯಾಂಕೋನನ್ನು ಕೊಲ್ಲಿಸಿ, ಔತಣದ ನಡುವೆ ಅವನ ಪ್ರೇತವನ್ನು ಕಂಡು ಬೆಚ್ಚುತ್ತಾನೆ. ಆತನ ಹೆಂಡತಿ ನಿದ್ರೆಯಲ್ಲಿ ಎದ್ದು ನಡೆಯುತ್ತ, ಇಲ್ಲದ ರಕ್ತವನ್ನು ಕೈಯಿಂದ ಉಜ್ಜಿ ಉಜ್ಜಿ ತೆಗೆಯಲು ನೋಡುತ್ತಾಳೆ. ಈ ಇಬ್ಬರು ಮ್ಯಾಕ್‌ಬೆತ್‌ಗಳ ನಡುವೆ ಐದೂವರೆ ಶತಮಾನಗಳ ಅಂತರವಿದೆ. ಆ ಅಂತರದಲ್ಲಿ ಒಬ್ಬ ಸಾಧಾರಣ ದೊರೆ ಜಗತ್ತಿನ ಅತಿ ಪ್ರಸಿದ್ಧ ಕೊಲೆಗಾರನಾದದ್ದು ಹೇಗೆ? ನಾನು ಸಾಹಿತ್ಯದ ವಿದ್ಯಾರ್ಥಿಯಲ್ಲ, ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನು. ಹಾಗಾಗಿ ನಾಟಕ ಓದುವಾಗಲೂ, ಈ ವಿವರ ಇವರಿಗೆ ಎಲ್ಲಿಂದ ಸಿಕ್ಕಿತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಮ್ಯಾಕ್‌ಬೆತ್‌ನ ವಿಷಯದಲ್ಲಿ ಆ ಪ್ರಶ್ನೆಗೆ ಬಹಳ ಸ್ವಾರಸ್ಯವಾದ ಉತ್ತರವಿದೆ.

ಮೊದಲು ಚರಿತ್ರೆಯನ್ನು ನೋಡೋಣ. ಆಗಿನ ಸ್ಕಾಟ್ಲೆಂಡಿನಲ್ಲಿ ದೊರೆಯ ಹಿರಿಯ ಮಗನಿಗೇ ಪಟ್ಟವಾಗಬೇಕೆಂಬ ಕಟ್ಟಳೆ ಇರಲಿಲ್ಲ. ರಾಜಮನೆತನದ ಕವಲುಗಳಲ್ಲಿ ಯಾರು ಸಮರ್ಥರೋ, ಯಾರ ಬೆನ್ನಿಗೆ ಜನಬಲವಿದೆಯೋ ಅವರು ದೊರೆಯಾಗುತ್ತಿದ್ದರು. ಒಮ್ಮೆ ಈ ಕವಲು, ಇನ್ನೊಮ್ಮೆ ಆ ಕವಲು. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ, ಆದರೆ ಮುಂದಿನ ಸರದಿಯವನು ಎಷ್ಟು ದಿನ ಕಾದಾನು? ದಾಯಾದಿ ಮತ್ಸರ ಎಂದರೆ ನಮ್ಮ ಕಡೆಯವರಿಗೆ ಹೆಚ್ಚಿನ ವಿವರಣೆ ಬೇಡ. 954ರಿಂದ 1005ರವರೆಗಿನ ಅರ್ಧ ಶತಮಾನದಲ್ಲಿ ತೀರಿಕೊಂಡ ಸ್ಕಾಟಿಷ್ ದೊರೆಗಳಲ್ಲಿ ಹೆಚ್ಚಿನವರು ಕತ್ತಿಗೆ ಬಲಿಯಾದವರೇ. 1005ರಲ್ಲಿ ಎರಡನೆಯ ಮಾಲ್ಕಮ್ ತನಗಿಂತ ಮುಂಚಿನ ದೊರೆ ಮೂರನೆಯ ಕೆನೆತ್‌ನನ್ನು ಕೊಂದೇ ಪಟ್ಟಕ್ಕೇರಿದ. 1034ರಲ್ಲಿ ಈ ಮಾಲ್ಕಮ್ ಸತ್ತಾಗ ಆತನ ಮಗಳ ಮಗ ಡಂಕನ್ ದೊರೆಯಾದ.

ಈ ಡಂಕನ್ ಬಿಳಿಗೂದಲಿನ ಸಾಧುವಲ್ಲ, ಇನ್ನೂ ಪ್ರಾಯದವನು. ದಕ್ಷಿಣಕ್ಕೆ ಹೋಗಿ ಇಂಗ್ಲೆಂಡಿನ ಡರ್ಹಮ್ ಪಟ್ಟಣಕ್ಕೆ ಮುತ್ತಿಗೆ ಹಾಕಿದ, ಸೋತು ಮರಳಿದ. 1040ರ ಆಗಸ್ಟ್ ತಿಂಗಳಲ್ಲಿ ಉತ್ತರದ ಮೋರೆ ಸೀಮೆಗೆ ದಂಡೆತ್ತಿ ಹೋದ. ಅದು ಮ್ಯಾಕ್‌ಬೆತ್ ಆಳುತ್ತಿದ್ದ ಸೀಮೆ. ಎಲ್ಗಿನ್ ಪಟ್ಟಣದ ಬಳಿ ಡಂಕನ್ ಹತನಾದ. ಹೀಗೆ ಆತ ಸತ್ತದ್ದು ಊಟ ಮಾಡಿ ಮಲಗಿದ ಅತಿಥಿಯಾಗಿ ಅಲ್ಲ, ಮ್ಯಾಕ್‌ಬೆತ್‌ನ ನೆಲದ ಮೇಲೆ ಸೈನ್ಯ ತಂದವನಾಗಿ. ಆಗಿನ ಪದ್ಧತಿಯ ಪ್ರಕಾರ ಮ್ಯಾಕ್‌ಬೆತ್‌ಗೂ ಸಿಂಹಾಸನದ ಮೇಲೆ ಹಕ್ಕು ಹೇಳಲು ಆಧಾರವಿತ್ತು. ಆತನ ಹೆಂಡತಿ ಗ್ರುವೊಖ್ ಸ್ವತಃ ರಾಜವಂಶದವಳು. ಆಕೆಯ ಮೊದಲ ಗಂಡನನ್ನು 1032ರಲ್ಲಿ ಐವತ್ತು ಜನರ ಸಹಿತ ಬೆಂಕಿಯಲ್ಲಿ ಸುಟ್ಟು ಕೊಂದಿದ್ದರು. ಅವನಿಂದ ಆಕೆಗೆ ಲುಲಾಖ್ ಎಂಬ ಮಗನಿದ್ದ. ಮ್ಯಾಕ್‌ಬೆತ್ ಮತ್ತು ಗ್ರುವೊಖ್ ಇಬ್ಬರೂ ಸೇರಿ ಲೆವೆನ್ ಸರೋವರದ ಸಂನ್ಯಾಸಿಗಳಿಗೆ ಭೂಮಿ ದಾನ ಕೊಟ್ಟ ದಾಖಲೆ ಇದೆ. ನಾಟಕದಲ್ಲಿ ಈಕೆಗೆ ಸ್ವಂತ ಹೆಸರೇ ಇಲ್ಲ. ಆಕೆ ಬರಿಯ ಲೇಡಿ ಮ್ಯಾಕ್‌ಬೆತ್.

1054ರಲ್ಲಿ ಇಂಗ್ಲೆಂಡಿನ ಕಡೆಯಿಂದ ನಾರ್ತಂಬ್ರಿಯದ ಸೀವರ್ಡ್ ದೊಡ್ಡ ದಂಡಿನೊಡನೆ ಬಂದು ಮ್ಯಾಕ್‌ಬೆತ್‌ನನ್ನು ಸೋಲಿಸಿದ. ಆದರೂ ಮ್ಯಾಕ್‌ಬೆತ್ ಇನ್ನೂ ಮೂರು ವರ್ಷ ಉಳಿದುಕೊಂಡ. 1057ರಲ್ಲಿ ಲುಂಫಾನನ್ ಎಂಬಲ್ಲಿ ಡಂಕನ್‌ನ ಮಗ ಮಾಲ್ಕಮ್ ಆತನನ್ನು ಕೊಂದ. ಮಲಮಗ ಲುಲಾಖ್ ಕೆಲವು ತಿಂಗಳು ದೊರೆ ಎನ್ನಿಸಿಕೊಂಡು 1058ರಲ್ಲಿ ತಾನೂ ಹತನಾದ. ಈ ಲುಲಾಖ್‌ನಿಗೆ ನಾಟಕದಲ್ಲಿ ಜಾಗವೇ ಸಿಗಲಿಲ್ಲ.

ಮುಂದೆ ಸ್ಕಾಟ್ಲೆಂಡನ್ನು ಆಳಿದ್ದು ಮಾಲ್ಕಮ್‌ನ ವಂಶ. ಕ್ರಮೇಣ ಅವರು ತಂದೆಯಿಂದ ಮಗನಿಗೆ ಪಟ್ಟ ಎಂಬ ಹೊಸ ಕಟ್ಟಳೆಯನ್ನು ಗಟ್ಟಿ ಮಾಡಿದರು. ಹಾಗೆ ಮಾಡಿದ ಮೇಲೆ ಮ್ಯಾಕ್‌ಬೆತ್ ನ್ಯಾಯವಾದ ದೊರೆಯಾಗಿದ್ದ ಎಂದು ಒಪ್ಪುವುದು ಅವರಿಗೆ ಕಷ್ಟವಾಯಿತು. ಆತ ನ್ಯಾಯವಾದ ದೊರೆಯಾದರೆ ಅವರ ಮೂಲಪುರುಷ ಮಾಲ್ಕಮ್ ದೊರೆಯನ್ನು ಕೊಂದವನಾಗುತ್ತಾನೆ. ಆದ್ದರಿಂದ ಮ್ಯಾಕ್‌ಬೆತ್ ರಾಜ್ಯ ಕದ್ದವನಾಗಲೇಬೇಕಾಯಿತು. 14ನೆಯ ಶತಮಾನದ ಹೊತ್ತಿಗೆ ವೃತ್ತಾಂತಕಾರರ ಬರಹದಲ್ಲಿ ಆತ ಕ್ರೂರಿಯಾಗಿದ್ದಾನೆ. 1527ರಲ್ಲಿ ಹೆಕ್ಟರ್ ಬೋಯಿಸ್ ಎಂಬ ಪಂಡಿತ ಲ್ಯಾಟಿನ್ ಭಾಷೆಯಲ್ಲಿ ಸ್ಕಾಟ್ಲೆಂಡಿನ ಚರಿತ್ರೆ ಬರೆದ. ಆಗ ಆಳುತ್ತಿದ್ದದ್ದು ಸ್ಟೂಅರ್ಟ್ ಮನೆತನ. ಈ ಮನೆತನದ ಹಿರಿಯರು ವಾಸ್ತವವಾಗಿ ಫ್ರಾನ್ಸಿನ ಬ್ರಿಟನಿ ಪ್ರಾಂತದಿಂದ ಬಂದು ನೆಲೆಸಿದವರು. ಬೋಯಿಸ್ ಅವರಿಗೆ ಹಳೆಯ ಸ್ಕಾಟಿಷ್ ಮೂಲಪುರುಷನೊಬ್ಬನನ್ನು ಒದಗಿಸಿಕೊಟ್ಟ. ಆತನೇ ಬ್ಯಾಂಕೋ. ಹೌದು ಮಿತ್ರರೇ, ಔತಣದಲ್ಲಿ ಪ್ರೇತವಾಗಿ ಬಂದು ಕೂರುವ ಆ ಬ್ಯಾಂಕೋ ಚರಿತ್ರೆಯಲ್ಲಿ ಬದುಕಿಯೇ ಇರಲಿಲ್ಲ. ಹುಟ್ಟದವನು ಸತ್ತು ದೆವ್ವವಾದ!

ಬೋಯಿಸ್‌ನ ಕಥೆ ಇಂಗ್ಲಿಷಿಗೆ ಬಂದು ರಾಫೇಲ್ ಹಾಲಿನ್‌ಶೆಡ್ ಸಂಪಾದಿಸಿದ ಬೃಹತ್ ವೃತ್ತಾಂತ ಗ್ರಂಥದಲ್ಲಿ ಸೇರಿತು. ಮೊದಲ ಮುದ್ರಣ 1577, ಎರಡನೆಯದು 1587. ಷೇಕ್ಸ್‌ಪಿಯರ್ ಓದಿದ್ದು ಈ ಎರಡನೆಯ ಮುದ್ರಣವನ್ನು.

ಅಲ್ಲಿ ಆತನಿಗೆ ಸಿಕ್ಕ ಕಥೆ ಹೀಗಿದೆ. ಡಂಕನ್ ಮೃದುಸ್ವಭಾವದ, ಆಡಳಿತದಲ್ಲಿ ಬಿಗಿಯಿಲ್ಲದ ದೊರೆ. ಆತ ಬಾಲಕನಾದ ತನ್ನ ಮಗನನ್ನು ಉತ್ತರಾಧಿಕಾರಿಯಾಗಿ ಸೂಚಿಸಿದಾಗ, ಹಳೆಯ ಪದ್ಧತಿಯಂತೆ ತನಗೆ ಬರಬಹುದಾಗಿದ್ದ ಅವಕಾಶ ತಪ್ಪಿತೆಂದು ಮ್ಯಾಕ್‌ಬೆತ್ ಕೆರಳುತ್ತಾನೆ. ಬ್ಯಾಂಕೋ ಮೊದಲಾದ ಗೆಳೆಯರಿಗೆ ತಿಳಿಸಿ, ಅವರ ನೆರವಿನ ಭರವಸೆ ಪಡೆದು, ಡಂಕನ್‌ನನ್ನು ಕೊಲ್ಲುತ್ತಾನೆ. ಕೊಲೆಯ ಪ್ರಸ್ತಾಪ ಕೆಲವೇ ಸಾಲುಗಳಲ್ಲಿ ಮುಗಿದುಹೋಗುತ್ತದೆ. ಆಮೇಲೆ ಹತ್ತು ವರ್ಷ ಆತ ಒಳ್ಳೆಯ ಆಡಳಿತ ನಡೆಸುತ್ತಾನೆ, ಕಳ್ಳಕಾಕರನ್ನು ಅಡಗಿಸುತ್ತಾನೆ, ಶಾಸನಗಳನ್ನು ಮಾಡುತ್ತಾನೆ. ಅದಾದ ನಂತರವೇ ಬುದ್ಧಿ ಕೆಡುವುದು.

ಈಗ ನಾಟಕವನ್ನು ನೆನೆಯಿರಿ. ಆ ಹತ್ತು ವರ್ಷ ಎಲ್ಲಿ ಹೋಯಿತು? ಬ್ಯಾಂಕೋ ಸಹಾಪರಾಧಿಯಾಗಿದ್ದದ್ದು ಎಲ್ಲಿ ಹೋಯಿತು? ಸಿಂಹಾಸನದ ಮೇಲೆ ಮ್ಯಾಕ್‌ಬೆತ್‌ಗಿದ್ದ ಹಕ್ಕು, ಡಂಕನ್‌ನ ದೌರ್ಬಲ್ಯ ಇವೆಲ್ಲ ಎಲ್ಲಿ ಹೋದವು? ನಮ್ಮ ವೃತ್ತಿಯಲ್ಲಿ ಇದನ್ನು ಸಂಕಲನ ಎನ್ನುತ್ತೇವೆ. ಮೂರು ಗಂಟೆ ಚಿತ್ರಿಸಿದ್ದನ್ನು ಅರ್ಧ ಗಂಟೆಗೆ ಇಳಿಸುವಾಗ ಒಬ್ಬ ಮನುಷ್ಯನ ಹತ್ತು ವರ್ಷ ನೆಲದ ಮೇಲೆ ಬಿದ್ದಿರುತ್ತದೆ. ಕತ್ತರಿಸಿದವನಿಗೆ ಅದು ಗೊತ್ತಿರುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಕತ್ತರಿ ಯಾರಿಗಾಗಿ ಆಡಿತು ಎಂದು ಕೇಳಲೇಬೇಕು.

1603ರಲ್ಲಿ ಎಲಿಜಬೆತ್ ರಾಣಿ ಮಕ್ಕಳಿಲ್ಲದೆ ತೀರಿಕೊಂಡಾಗ ಸ್ಕಾಟ್ಲೆಂಡಿನ ಆರನೆಯ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾದ. ಆತ ಸ್ಟೂಅರ್ಟ್ ಮನೆತನದವನು, ಎಂದರೆ ಆಗಿನವರ ನಂಬಿಕೆಯಂತೆ ಬ್ಯಾಂಕೋನ ವಂಶದವನು. ಅದೇ ವರ್ಷ ಷೇಕ್ಸ್‌ಪಿಯರ್‌ನ ನಾಟಕ ಮಂಡಲಿ ದೊರೆಯ ಆಶ್ರಯಕ್ಕೆ ಬಂದು ದೊರೆಯ ಮಂಡಲಿ ಎಂಬ ಹೆಸರು ಪಡೆಯಿತು. ಮರುವರ್ಷ ಜೇಮ್ಸ್‌ನ ವಿಜಯಮೆರವಣಿಗೆಗಾಗಿ ಮಂಡಲಿಯ ಮುಖ್ಯರಿಗೆ ತಲಾ ನಾಲ್ಕೂವರೆ ಗಜ ಕೆಂಪು ಬಟ್ಟೆ ಕೊಟ್ಟ ಲೆಕ್ಕ ಉಳಿದುಬಂದಿದೆ. ಷೇಕ್ಸ್‌ಪಿಯರ್‌ನ ಹೆಸರೂ ಅದರಲ್ಲಿದೆ.

ಈ ದೊರೆಗೆ ಕೊಲೆಯ ಭಯ ಹುಟ್ಟಿನಿಂದಲೇ ಬಂದದ್ದು. ಆತ ಎಂಟು ತಿಂಗಳ ಕೂಸಾಗಿದ್ದಾಗ, 1567ರ ಫೆಬ್ರವರಿಯಲ್ಲಿ, ತಂದೆ ಡಾರ್ನ್‌ಲಿ ಕೊಲೆಯಾದ. ಸಂಚಿನಲ್ಲಿ ತಾಯಿ ಮೇರಿಯ ಕೈಯೂ ಇದೆಯೆಂದು ಜನ ಆಡಿಕೊಂಡರು. ಅದೇ ತಾಯಿಯ ತಲೆಯನ್ನು 1587ರಲ್ಲಿ ಇಂಗ್ಲೆಂಡಿನಲ್ಲಿ ಕಡಿಯಲಾಯಿತು. 1600ರಲ್ಲಿ ಗೌರಿ ಎಂಬ ಶ್ರೀಮಂತ ಮನೆತನದವರು ತನ್ನನ್ನು ಮನೆಗೆ ಕರೆದು ಕೊಲ್ಲಲು ನೋಡಿದರೆಂದು ಜೇಮ್ಸ್ ಹೇಳಿಕೊಂಡ. (ಇಂಗ್ಲಿಷಿನ ಗೌರಿ, ನಮ್ಮ ಗೌರಿಯಲ್ಲ.) 1604ರ ಕೊನೆಯಲ್ಲಿ ಷೇಕ್ಸ್‌ಪಿಯರ್‌ನ ಮಂಡಲಿಯೇ ಈ ಪ್ರಸಂಗವನ್ನು ನಾಟಕವಾಗಿ ಆಡಿತು. ಎರಡು ಪ್ರದರ್ಶನಕ್ಕೆ ಜನ ಕಿಕ್ಕಿರಿದರು, ಆದರೆ ದರ್ಬಾರಿನ ಹಿರಿಯರಿಗೆ ಅದು ಹಿಡಿಸಲಿಲ್ಲ. ಬದುಕಿರುವ ದೊರೆಯನ್ನು ರಂಗದ ಮೇಲೆ ತೋರಿಸುವುದು ತರವಲ್ಲ ಎಂಬ ಮಾತು ಎದ್ದಿತು. ಆ ನಾಟಕದ ಪ್ರತಿ ಇಂದು ಎಲ್ಲಿಯೂ ಇಲ್ಲ. ಮುಂದಿನ ವರ್ಷ, 1605ರ ನವೆಂಬರ್ 5ರಂದು, ಪಾರ್ಲಿಮೆಂಟ್ ಭವನದ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದು ಸಿಕ್ಕಿತು. ದೊರೆ, ಮಂತ್ರಿ, ಸದಸ್ಯರು ಎಲ್ಲರನ್ನೂ ಒಟ್ಟಿಗೆ ಹಾರಿಸುವ ಸಂಚು ಅದಾಗಿತ್ತು.

ಇಂಥ ಹೊತ್ತಿನಲ್ಲಿ, ಬಹುಶಃ 1606ರಲ್ಲಿ, ದೊರೆಯ ಆಶ್ರಯದ ನಾಟಕಕಾರ ದೊರೆಯ ಕೊಲೆಯ ಬಗ್ಗೆ ನಾಟಕ ಬರೆಯುತ್ತಾನೆ. ಎಷ್ಟು ಎಚ್ಚರ ಬೇಕಾಗಿತ್ತೋ ಊಹಿಸಿಕೊಳ್ಳಿ. ಡಂಕನ್‌ನ ಕೊಲೆ ರಂಗದ ಮೇಲೆ ನಡೆಯುವುದಿಲ್ಲ, ಬಾಗಿಲ ಆಚೆ ನಡೆಯುತ್ತದೆ. ಕೊಲೆಯಾದವನು ಪೂಜ್ಯನಾದ ಮುದುಕ. ಜೇಮ್ಸ್‌ನ ಪೂರ್ವಜನೆನಿಸಿದ ಬ್ಯಾಂಕೋ ಕೊಲೆಗೆ ಕೈಜೋಡಿಸುವಂತಿಲ್ಲ. 1597ರಲ್ಲಿ ಜೇಮ್ಸ್ ಮಾಟಗಾತಿಯರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದ, ನಾಟಕದಲ್ಲಿಯೂ ಮಾಟಗಾತಿಯರಿದ್ದಾರೆ. ಇಷ್ಟನ್ನು ಮಾತ್ರ ನೋಡಿದರೆ ಷೇಕ್ಸ್‌ಪಿಯರ್ ಅನ್ನದ ಋಣ ತೀರಿಸಿದ, ಸತ್ತುಹೋದ ದೊರೆಯೊಬ್ಬನ ಹೆಸರು ಕೆಡಿಸಿ ಬದುಕಿರುವ ದೊರೆಯನ್ನು ಮೆಚ್ಚಿಸಿದ ಎಂದೇ ತೀರ್ಮಾನಿಸಬೇಕಾಗುತ್ತದೆ. ಆ ಆಪಾದನೆಯಲ್ಲಿ ಸತ್ಯಾಂಶವಿದೆ ಎಂದೇ ನನ್ನ ಅಭಿಪ್ರಾಯ.

ಆದರೆ ಆತ ಕತ್ತರಿಸಿದ್ದು ಮಾತ್ರವಲ್ಲ, ಅಂಟಿಸಿದ್ದೂ ಇದೆ. ಹಾಲಿನ್‌ಶೆಡ್‌ನ ಪುಟಗಳನ್ನು ಹಿಂದಕ್ಕೆ ತಿರುವಿದರೆ, ಮ್ಯಾಕ್‌ಬೆತ್‌ಗಿಂತ ಎಷ್ಟೋ ಮುಂಚಿನ ಡಫ್ ಎಂಬ ದೊರೆಯ ಕಥೆ ಸಿಗುತ್ತದೆ. ಫಾರೆಸ್ ಕೋಟೆಯ ಅಧಿಕಾರಿ ಡಾನ್‌ವಾಲ್ಡ್, ಹೆಂಡತಿಯ ಪ್ರಚೋದನೆಯಿಂದ, ಕೋಟೆಯಲ್ಲಿ ತಂಗಿದ್ದ ಡಫ್‌ನನ್ನು ಕೊಲ್ಲಿಸುತ್ತಾನೆ. ಕಾವಲಿನವರಿಗೆ ಕಂಠಮಟ್ಟ ಕುಡಿಸಿ ಮಲಗಿಸಿದ್ದು, ಬೆಳಗ್ಗೆ ಏನೂ ಅರಿಯದವನಂತೆ ಬಂದು ಅವರನ್ನೇ ಕೊಂದುಹಾಕಿದ್ದು ಎಲ್ಲವೂ ಅಲ್ಲಿದೆ. ಷೇಕ್ಸ್‌ಪಿಯರ್ ಆ ಕೊಲೆಯನ್ನು ಎತ್ತಿ ಮ್ಯಾಕ್‌ಬೆತ್‌ನ ಮನೆಯೊಳಗಿಟ್ಟ. ಇನ್ನೂ ಕೆಲವು ಪುಟ ಮುಂದೆ ಕೆನೆತ್ ಎಂಬ ದೊರೆ ಬರುತ್ತಾನೆ. ತನ್ನ ಮಗನಿಗೆ ಪಟ್ಟ ಭದ್ರವಾಗಲೆಂದು ಅಣ್ಣನ ಮಗನಿಗೆ ವಿಷವಿಕ್ಕಿಸುತ್ತಾನೆ. ಯಾರಿಗೂ ಸಂಶಯ ಬಂದಿಲ್ಲ, ಆಡಳಿತ ಚೆನ್ನಾಗಿಯೇ ನಡೆದಿದೆ. ಒಂದು ರಾತ್ರಿ ಹಾಸಿಗೆಯಲ್ಲಿದ್ದ ಆತನಿಗೆ, ನೀನು ಮಾಡಿದ್ದು ದೇವರಿಗೆ ಗೊತ್ತು ಎಂಬಂಥ ಒಂದು ಧ್ವನಿ ಕೇಳಿಸುತ್ತದೆ. ಉಳಿದ ಆ ಇರುಳು ಆತ ಕಣ್ಣು ಮುಚ್ಚಲಿಲ್ಲ.

ಮ್ಯಾಕ್‌ಬೆತ್‌ನ ನಿದ್ರಾಭಂಗದ ಮೂಲ ಇದು. ಆ ನಿದ್ರೆಗೇಡು ಮ್ಯಾಕ್‌ಬೆತ್‌ನದಲ್ಲ, ಕೆನೆತ್‌ನದು. ಕೊಲೆ ಒಬ್ಬನದು, ತಳಮಳ ಇನ್ನೊಬ್ಬನದು, ಹೆಸರು ಮತ್ತೊಬ್ಬನದು. ಮೂವರನ್ನು ಬೆಸೆದು ನಾಟಕಕಾರ ಒಬ್ಬ ಮನುಷ್ಯನನ್ನು ಮಾಡಿದ.

ದೊರೆಯನ್ನು ಮೆಚ್ಚಿಸಲು ಆತ ಕತ್ತರಿಸಿದ ಜಾಗಗಳನ್ನು ಈಗ ಇನ್ನೊಮ್ಮೆ ನೋಡಿ. ಮ್ಯಾಕ್‌ಬೆತ್‌ನ ಹಕ್ಕು ಹೋಯಿತು, ಡಂಕನ್‌ನ ದೌರ್ಬಲ್ಯ ಹೋಯಿತು, ಸಹಾಪರಾಧಿಗಳು ಹೋದರು, ಹತ್ತು ವರ್ಷದ ಸದಾಡಳಿತವೂ ಹೋಯಿತು. ಇವೆಲ್ಲ ಏನು? ಕೊಲೆಗಾರನಿಗೆ ಉಳಿದಿದ್ದ ನೆಪಗಳು. ‘ನನಗೂ ಹಕ್ಕಿತ್ತು, ಅವನು ಅಸಮರ್ಥ, ಎಲ್ಲರೂ ಸೇರಿಯೇ ಮಾಡಿದೆವು, ಆಮೇಲೆ ಒಳ್ಳೆಯದನ್ನೇ ಮಾಡಿದೆನಲ್ಲ’ ಎಂದು ಚರಿತ್ರೆಯ ಮ್ಯಾಕ್‌ಬೆತ್ ಸಮಾಧಾನ ಹೇಳಿಕೊಳ್ಳಬಹುದಿತ್ತು. ನಾಟಕದ ಮ್ಯಾಕ್‌ಬೆತ್‌ಗೆ ಒಂದು ನೆಪವೂ ಇಲ್ಲ. ಕೊಲೆಗೆ ಮುಂಚೆ ಒಬ್ಬನೇ ನಿಂತು ಆತ ಲೆಕ್ಕ ಹಾಕುತ್ತಾನೆ. ಡಂಕನ್ ನನ್ನ ನೆಂಟ, ನನ್ನ ದೊರೆ, ನನ್ನ ಅತಿಥಿ, ಒಳ್ಳೆಯವನು. ಕೊಲ್ಲಲು ಕಾರಣ ಮಹತ್ವಾಕಾಂಕ್ಷೆಯೊಂದೇ ಎಂದು ಆತನೇ ಒಪ್ಪಿಕೊಳ್ಳುತ್ತಾನೆ, ಒಪ್ಪಿಕೊಂಡೂ ಹೋಗಿ ಕೊಲ್ಲುತ್ತಾನೆ. ಹೀಗೆ ಮುಖಸ್ತುತಿಗೆಂದು ಆಡಿದ ಕತ್ತರಿಯೇ ದುರಂತವನ್ನೂ ಕೊರೆಯಿತು. ನನ್ನ ಮಟ್ಟಿಗೆ ಈ ನಾಟಕದ ಹುಟ್ಟಿನಲ್ಲಿ ಇದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿಲ್ಲ.

ಮುಂದಿನ ಇಳಿಜಾರು ನಿಮಗೆ ಗೊತ್ತು, ಆದರೂ ಅದರ ವೇಗವನ್ನು ಗಮನಿಸಿ. ಮೊದಲ ಕೊಲೆಗೆ ಮುಂಚೆ ಎಷ್ಟೊಂದು ಹಿಂಜರಿಕೆ, ಹೆಂಡತಿಯೊಡನೆ ಎಷ್ಟೊಂದು ವಾದ! ಎರಡನೆಯದಕ್ಕೆ ಬಾಡಿಗೆಯ ಕೊಲೆಗಾರರು ಬರುತ್ತಾರೆ, ಹೆಂಡತಿಗೆ ಬಿಡಿಸಿ ಹೇಳುವುದಿಲ್ಲ. ಮೂರನೆಯದು ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳದು. ಅದರಿಂದ ಸಿಂಹಾಸನಕ್ಕೆ ಕಿಂಚಿತ್ತೂ ಲಾಭವಿಲ್ಲ, ಯೋಚನೆಗೂ ಆದೇಶಕ್ಕೂ ನಡುವೆ ಬಿಡುವೇ ಇಲ್ಲ. ಅಷ್ಟರಲ್ಲಿ ಪ್ರತಿಯೊಬ್ಬ ಸರದಾರನ ಮನೆಯಲ್ಲೂ ದೊರೆಯಿಂದ ಸಂಬಳ ಪಡೆಯುವ ಗೂಢಚಾರನೊಬ್ಬ ಇರುತ್ತಾನೆ. ಹೆಂಡತಿಯದು ಇದಕ್ಕೆ ಎದುರು ದಾರಿ. ಕೈ ತೊಳೆದರೆ ಆಯಿತು ಎಂದುಕೊಂಡಿದ್ದವಳು ಆಕೆ. ಗಂಡನ ತಳಮಳ ಇಂಗುತ್ತ ಹೋದಂತೆ ಅದು ಆಕೆಯೊಳಕ್ಕೆ ಇಳಿಯುತ್ತದೆ. ರಾತ್ರಿ ಆಕೆಯನ್ನು ನೋಡಿದ ವೈದ್ಯ, ಇದು ತನ್ನ ವಿದ್ಯೆಗೆ ಮೀರಿದ್ದು ಎಂದು ಕೈಚೆಲ್ಲುತ್ತಾನೆ.

ವಿಜ್ಞಾನದ ವಿದ್ಯಾರ್ಥಿಗಳಿಗಾಗಿ ಒಂದು ಮಾತು. ತಪ್ಪು ಮಾಡಿದ್ದನ್ನು ನೆನೆದವರಿಗೆ ಕೈ ತೊಳೆಯುವ ಬಯಕೆ ಹೆಚ್ಚುತ್ತದೆ ಎಂದು 2006ರಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು ಪ್ರಯೋಗಗಳ ಆಧಾರದಿಂದ ಪ್ರಕಟಿಸಿದರು. ಅದಕ್ಕೆ ಮ್ಯಾಕ್‌ಬೆತ್ ಪರಿಣಾಮ ಎಂಬ ಹೆಸರೂ ಬಂತು. ನಂತರ ಬೇರೆಯವರು ಅದೇ ಪ್ರಯೋಗ ಮಾಡಿದಾಗ ಹಲವರಿಗೆ ಆ ಫಲಿತಾಂಶ ಸಿಗಲಿಲ್ಲ. ಆದ್ದರಿಂದ ಪರೀಕ್ಷೆಯಲ್ಲಿ ಅದನ್ನು ಸಿದ್ಧಾಂತವೆಂದು ಬರೆಯಬೇಡಿ. ಲೇಡಿ ಮ್ಯಾಕ್‌ಬೆತ್‌ಗೆ ಪ್ರಯೋಗಾಲಯದ ಸಾಕ್ಷ್ಯ ಬೇಕಾಗಿಯೂ ಇಲ್ಲ. 1976ರಲ್ಲಿ ಟ್ರೆವರ್ ನನ್ ನಿರ್ದೇಶಿಸಿದ ಪ್ರಯೋಗದಲ್ಲಿ ಜೂಡಿ ಡೆಂಚ್ ಈ ಪಾತ್ರ ವಹಿಸಿದ್ದರು, ಇಯಾನ್ ಮೆಕೆಲನ್ ಮ್ಯಾಕ್‌ಬೆತ್. ಚಿಕ್ಕ ರಂಗಶಾಲೆ, ವೈಭವದ ದೃಶ್ಯಪರಿಕರಗಳಿಲ್ಲ. ಆ ಪ್ರಯೋಗವನ್ನು ಆಮೇಲೆ ಟೆಲಿವಿಷನ್ನಿಗಾಗಿ ಚಿತ್ರೀಕರಿಸಿದರು. ಕತ್ತಲಿನ ಹಿನ್ನೆಲೆಯಲ್ಲಿ ಬರೀ ಮುಖ, ಹತ್ತಿರದಿಂದ. ನಮ್ಮ ವೃತ್ತಿಯ ಹೊಸಬರಿಗೆ ನಾನು ನೋಡಲು ಹೇಳುವ ಕಾರ್ಯಕ್ರಮಗಳಲ್ಲಿ ಅದೂ ಒಂದು. ಕೋಟೆಯ ಸೆಟ್ಟು ಹಾಕಲು ಹಣ ಸಾಲದು ಎಂದು ಅವರು ದೂರಿದಾಗಲೆಲ್ಲ ಇದೇ ನನ್ನ ಉತ್ತರ.

ಕನ್ನಡಕ್ಕೆ ಈ ದೊರೆ ಬಂದು ನೂರು ವರ್ಷಕ್ಕೂ ಮೇಲಾಯಿತು. ಎಂ. ಎಲ್. ಶ್ರೀಕಂಠೇಶಗೌಡರು ‘ಪ್ರತಾಪರುದ್ರದೇವ’ ಎಂಬ ಹೆಸರಿನಲ್ಲಿ ಆತನಿಗೆ ನಮ್ಮ ವೇಷ ತೊಡಿಸಿದರು. ಡಿ. ವಿ. ಗುಂಡಪ್ಪನವರು 1936ರಲ್ಲಿ ಮೂಲದ ಹೆಸರಿನಲ್ಲೇ ಅನುವಾದ ಪ್ರಕಟಿಸಿದರು. ಎಚ್. ಎಸ್. ಶಿವಪ್ರಕಾಶರ ‘ಮಾರನಾಯಕನ ದೃಷ್ಟಾಂತ’ದಲ್ಲಿ ಆತ ಪಾಳೆಯಗಾರರ ಲೋಕಕ್ಕೆ ಬರುತ್ತಾನೆ. ಆ ನಾಟಕವನ್ನು ಹುಲುಗಪ್ಪ ಕಟ್ಟೀಮನಿಯವರು ಕರ್ನಾಟಕದ ಸೆರೆಮನೆಯ ಕೈದಿಗಳಿಂದ ಆಡಿಸಿದರು. ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತವರಲ್ಲಿ ಜೀವಾವಧಿ ಶಿಕ್ಷೆಯವರೂ ಇದ್ದರು. ಆ ಮಾತುಗಳನ್ನು ಬಾಯಿಪಾಠ ಮಾಡುವಾಗ ಅವರಿಗೆ ಏನನ್ನಿಸಿತೋ, ಅದನ್ನು ಕುರಿತು ನಾನಿಲ್ಲಿ ಬರೆಯುವುದು ಸಲ್ಲದು.

ಚರಿತ್ರೆಯ ಮ್ಯಾಕ್‌ಬೆತ್‌ಗೆ ನ್ಯಾಯ ದೊರಕಿಸಬೇಕೆಂಬ ಕೂಗು ಆತನ ನಾಡಿನಲ್ಲಿ ಆಗಾಗ ಏಳುತ್ತದೆ. 2005ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟಿನ ಕೆಲವು ಸದಸ್ಯರು ಈ ಬಗ್ಗೆ ಒಂದು ಸೂಚನೆಯನ್ನೇ ಮಂಡಿಸಿದ್ದರು. ನಾಟಕ ಮಾತ್ರ ಎಂದಿನಂತೆ ನಡೆಯುತ್ತಲೇ ಇದೆ.

ಕೊನೆಯದಾಗಿ ನಿಮಗೊಂದು ಕೆಲಸ. ಮೂರನೆಯ ಅಂಕದ ಮೊದಲ ದೃಶ್ಯ ತೆರೆಯಿರಿ. ಅಲ್ಲಿ ಬ್ಯಾಂಕೋ ಒಬ್ಬನೇ ನಿಂತು ಮಾತಾಡುತ್ತಾನೆ, ಹತ್ತೇ ಸಾಲು. ಮ್ಯಾಕ್‌ಬೆತ್ ಮೋಸದಿಂದ ಪಟ್ಟ ಪಡೆದನೆಂಬ ಸಂಶಯ ಆತನಿಗೆ ಬಂದಿದೆ. ಆದರೆ ಮಾಟಗಾತಿಯರು ಆತನ ಸಂತಾನಕ್ಕೂ ರಾಜ್ಯ ಬರುವುದೆಂದು ಹೇಳಿದ್ದಾರಲ್ಲ! ಆ ಆಸೆಯನ್ನು ನೆನೆದು ಆತ ಬಾಯಿ ಮುಚ್ಚಿಕೊಳ್ಳುತ್ತಾನೆ. ಯಾರಿಗೂ ಏನೂ ಹೇಳುವುದಿಲ್ಲ. ಜೇಮ್ಸ್ ದೊರೆಯ ಪೂರ್ವಜನನ್ನು ಅಷ್ಟು ಜತನದಿಂದ ತೊಳೆದಿಟ್ಟ ನಾಟಕಕಾರ ಈ ಹತ್ತು ಸಾಲುಗಳನ್ನು ಏಕೆ ಉಳಿಸಿದ? ಮರೆತು ಉಳಿಸಿದನೇ, ಬೇಕೆಂದೇ ಉಳಿಸಿದನೇ? ಓದಿ ನೋಡಿ, ನಿಮ್ಮ ಉಪಾಧ್ಯಾಯರೊಡನೆ ಚರ್ಚಿಸಿ, ನಿಮಗೇನು ತೋರಿತೆಂದು ನಮಗೆ ಬರೆಯಿರಿ.